ಹಾಲಿ ಸಿಕ್ಕಾ, ಬಿದ್ರಿ ಹುಕ್ಕಾ, ಸಹಿ ಮಾಡಿದ ಬ್ಯಾಟು: ಕೇಳಿದಷ್ಟು ದುಡ್ಡು ಕೊಡಬಹುದಾ?

ಪ್ರಶ್ನೆ: ನಾನು ಕಲಬುರಗಿಯವನು, ಸರ್ಕಾರಿ ನೌಕರ. ಇತ್ತೀಚೆಗೆ ಹಳೆಯ ವಸ್ತು ಕೂಡಿಸುವ ಹುಚ್ಚು ಹತ್ತಿದೆ. ಪರಿಚಯದ ವ್ಯಾಪಾರಿಯೊಬ್ಬರು ನಾಲ್ಕು ವಸ್ತು ತೋರಿಸಿದ್ದಾರೆ. ಭಾರತ ತಂಡದ ಆಟಗಾರರು ಸಹಿ ಮಾಡಿದ ಬ್ಯಾಟು 90 ಸಾವಿರ. ನಿಜಾಮರ ಕಾಲದ 20 ಬೆಳ್ಳಿ ರೂಪಾಯಿ, ಬೆಳ್ಳಿ ಬೆಲೆಯ ನಾಲ್ಕು ಪಟ್ಟು ಕೇಳುತ್ತಿದ್ದಾರೆ. ಇನ್ನೂರು ವರ್ಷ ಹಳೆಯದು ಎನ್ನುವ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದ್ರಿ ಕೆಲಸದ ಹುಕ್ಕಾ ಬುಡ (ನೀರು ತುಂಬುವ ಪಾತ್ರೆ) 2 ಲಕ್ಷ. ಸನ್ನತಿ ಕಡೆ ಹೊಲದಲ್ಲಿ ಸಿಕ್ಕಿದ ಒಂದು ಹಿಡಿ ಸೀಸದ ನಾಣ್ಯ 15 ಸಾವಿರ. ವಿದೇಶದಲ್ಲಿ ಇಂಥವು ಕೋಟಿಗೆ ಹೋಗುತ್ತವೆ ಅಂತಾರೆ. ಮನೆಯಲ್ಲಿ ಎಲ್ಲರೂ ಬೈಯುತ್ತಿದ್ದಾರೆ. ನಿಜವಾಗಿ ಇವು ಅಷ್ಟು ಬಾಳುತ್ತವಾ? ಅಜ್ಜನ ಟ್ರಂಕಿನಲ್ಲಿ ನಿಜಾಮರ ಕಾಲದ ಲಕೋಟೆಗಳೂ ಇವೆ. ಸ್ಟಾಂಪ್ ಬಿಡಿಸಿ ಮಾರಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಬ್ಯಾಟು ಬೇಡ. ಸನ್ನತಿಯ ನಾಣ್ಯ ಮುಟ್ಟಲೇಬೇಡಿ. ಬೆಳ್ಳಿ ರೂಪಾಯಿ ತಗೊಳ್ಳಿ, ಆದರೆ ಆ ಬೆಲೆಗಲ್ಲ. ಬಿದ್ರಿ ಹುಕ್ಕಾಕ್ಕೆ ಇನ್ನೂ ಸ್ವಲ್ಪ ವಿಚಾರಣೆ ಬೇಕು. ಲಕೋಟೆಗಳ ಸ್ಟಾಂಪ್ ಮಾತ್ರ ದಯವಿಟ್ಟು ಬಿಡಿಸಬೇಡಿ.

ಮೊದಲು ಆ ಕೋಟಿಯ ಮಾತು. ಅದು ಪೂರ್ತಿ ಸುಳ್ಳಲ್ಲ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಒಂದು ಕತ್ತಿ 1.4 ಕೋಟಿ ಪೌಂಡಿಗೆ ಹೋಯಿತು. 2020ರಲ್ಲಿ ಬ್ರಿಸ್ಟಲ್ ಊರಿನ ಹರಾಜಿನಲ್ಲಿ ಗಾಂಧೀಜಿಯವರು ಹಾಕಿಕೊಂಡಿದ್ದ ಕನ್ನಡಕ ಎಂದು ಬಂದದ್ದು 2.6 ಲಕ್ಷ ಪೌಂಡಿಗೆ ಮಾರಾಟವಾಯಿತು. ಹರಾಜಿನವರೇ ಅದಕ್ಕೆ ಹಾಕಿದ್ದ ಅಂದಾಜು 10ರಿಂದ 15 ಸಾವಿರ ಪೌಂಡ್ ಅಷ್ಟೆ. ಅದೇ ಕಾಲದ, ಅದೇ ದುಂಡನೆ ಗಾಜಿನ ಇನ್ನೊಂದು ಕನ್ನಡಕ ತಂದಿಟ್ಟರೆ ಯಾರೂ ತಿರುಗಿಯೂ ನೋಡುವುದಿಲ್ಲ. ಕತ್ತಿಯದ್ದೂ ಅದೇ ಕಥೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೈನ್ಯ ಅದನ್ನು ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟಿತ್ತು. ಅದು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದನ್ನು ತೋರಿಸಲು ಆಧಾರ ಇತ್ತು. ಇಂಥ ವಸ್ತುಗಳಲ್ಲಿ ದೊಡ್ಡ ಬೆಲೆ ಬರುವುದು ಆ ಆಧಾರಕ್ಕೆ. ಆಧಾರ ತೆಗೆದುಬಿಟ್ಟರೆ ಉಳಿಯೋದು ಲೋಹದ ತೂಕ, ಕೆಲಸಗಾರನ ಕೈಚಳಕ, ಇಷ್ಟೇ. ನಿಮ್ಮ ನಾಲ್ಕೂ ವಸ್ತುಗಳನ್ನು ನಾನು ತೂಗಿ ನೋಡಿದ್ದು ಇದೇ ತಕ್ಕಡಿಯಲ್ಲಿ.

ಇನ್ನೊಂದು ಮಾತು. ಹರಾಜಿನ ಸುದ್ದಿ ಪೇಪರಿನಲ್ಲಿ ಬರುವುದು ಬೆಲೆ ಏರಿದಾಗ ಮಾತ್ರ. ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟಿನ ಕೆನ್ನೇರಳೆ ಸ್ಟಾಂಪು ಇಡೀ ಜಗತ್ತಿನಲ್ಲಿ ಒಂದೇ ಒಂದು ಇದೆ. 2014ರಲ್ಲಿ ಅದು ಸುಮಾರು 95 ಲಕ್ಷ ಡಾಲರಿಗೆ ಮಾರಾಟವಾಯಿತು. 2021ರಲ್ಲಿ ಮತ್ತೆ ಹರಾಜಿಗೆ ಬಂದಾಗ ಸಿಕ್ಕಿದ್ದು ಸುಮಾರು 83 ಲಕ್ಷ ಡಾಲರ್. ಜಗತ್ತಿಗೆ ಒಂದೇ ಇರುವ ವಸ್ತುವಿಗೇ ಏಳು ವರ್ಷದಲ್ಲಿ ನಷ್ಟ. ವಸ್ತು ಅಪರೂಪ ಇದ್ದರೆ ಸಾಲದು. ಅದು ಬೇಕು ಅಂತ ಹಟ ಹಿಡಿದ ಇಬ್ಬರು ಒಂದೇ ದಿನ, ಒಂದೇ ಜಾಗದಲ್ಲಿ ಇರಬೇಕು. ಆಗಲೇ ಬೆಲೆ ಏರುವುದು.

ಈಗ ಬ್ಯಾಟು. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಸಿಕ್ಸರ್ ಬಾರಿಸಿದ ಬ್ಯಾಟು ಅದೇ ವರ್ಷ ಲಂಡನ್ನಿನ ಸಹಾಯಾರ್ಥ ಹರಾಜಿನಲ್ಲಿ 1 ಲಕ್ಷ ಪೌಂಡಿಗೆ ಹೋಯಿತು. ಆಟಗಾರರೇ ಕೊಟ್ಟಿದ್ದು, ಆ ಹೊಡೆತವನ್ನು ಕೋಟ್ಯಂತರ ಜನ ಕಣ್ಣಾರೆ ಕಂಡಿದ್ದು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ನಿಮಗೆ ತೋರಿಸಿದ ಬ್ಯಾಟಿಗೆ ಇರುವ ಸಾಕ್ಷಿ ಏನು? ಸಹಿ ಮಾಡುವಾಗ ತೆಗೆದ ಫೋಟೊ ಇದೆಯಾ? ಯಾವ ಊರಲ್ಲಿ, ಯಾವ ಪಂದ್ಯದ ದಿನ, ಯಾರ ಎದುರು? ಜೊತೆಗೆ ಕೊಡುವ ದಪ್ಪ ಕಾಗದದ ಸರ್ಟಿಫಿಕೇಟ್ ನೋಡಿ ಮರುಳಾಗಬೇಡಿ. ಮಾರುವವರೇ ಛಾಪಿಸಿದ ಸರ್ಟಿಫಿಕೇಟಿಗೆ ಮಾರುವವರ ಮಾತಿನಷ್ಟೇ ಬೆಲೆ.

ಸಹಿಯ ವ್ಯಾಪಾರದಲ್ಲಿ ಮೋಸ ಎಷ್ಟು ಜಾಸ್ತಿ ಅಂದರೆ, ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಅಂತ ಒಂದು ದೊಡ್ಡ ತನಿಖೆಯನ್ನೇ ನಡೆಸಬೇಕಾಯಿತು. ಮಾರುಕಟ್ಟೆಯಲ್ಲಿದ್ದ ಕ್ರೀಡಾ ಸಹಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಕಲಿ ಇರಬಹುದು ಅಂತ ಆಗ ಅಂದಾಜಾಗಿತ್ತು. ಸಂಗ್ರಹಕಾರರ ಸಂಘಗಳು, ಪರೀಕ್ಷಕರು ಎಲ್ಲ ಇದ್ದ ದೇಶದಲ್ಲಿ ಈ ಪಾಡು. ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಗಲ್ಲಿಯಲ್ಲಿ ಕೂತು 90 ಸಾವಿರ ಕೊಡುವ ಮೊದಲು ನೀವೇ ಯೋಚನೆ ಮಾಡಿ.

ಆದರೂ ಒಮ್ಮೆ ಭೂತಗನ್ನಡಿ ಹಿಡಿದು ನೋಡಿ. ಛಾಪಿಸಿದ ಸಹಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಕೈಯಿಂದ ಬರೆದಿದ್ದರೆ ಶಾಯಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ಅಕ್ಷರದ ಬಾಲ ಸುಯ್ಯನೆ ಎಳೆದು ಹೋಗಿರುತ್ತದೆ. ನಕಲು ಮಾಡುವವರು ನಿಧಾನವಾಗಿ ಬರೆಯುತ್ತಾರೆ, ಗೆರೆಯಲ್ಲಿ ಸಣ್ಣ ನಡುಕ ಉಳಿಯುತ್ತದೆ. ಹನ್ನೊಂದು ಜನರ ಸಹಿಯೂ ಒಂದೇ ಪೆನ್ನಿನಲ್ಲಿ, ಒಂದೇ ಒತ್ತಡದಲ್ಲಿ, ಸಾಲಾಗಿ ನೀಟಾಗಿ ಇದ್ದರೆ ಅನುಮಾನ ಪಡಿ. ಅಸಲಿ ಅಂತಲೇ ಇಟ್ಟುಕೊಂಡರೂ ನಮ್ಮ ಊರಿನ ಬಿಸಿಲಿಗೆ ಮಾರ್ಕರ್ ಪೆನ್ನಿನ ಶಾಯಿ ಬೇಗ ಮಾಸುತ್ತದೆ. ಗೋಡೆಗೆ ತೂಗುಹಾಕಿದ ಬ್ಯಾಟಿನ ಮೇಲೆ ಕೆಲವು ವರ್ಷಗಳಲ್ಲಿ ಹಳದಿ ಗೀರು ಬಿಟ್ಟರೆ ಬೇರೇನೂ ಉಳಿದಿರಲ್ಲ.

ಬೆಳ್ಳಿ ರೂಪಾಯಿಗೆ ಬರೋಣ. ನಾನು ಇಷ್ಟಪಟ್ಟು ಮಾತಾಡುವ ವಿಷಯ ಇದು. ಯಾಕಂದರೆ ಇಲ್ಲಿ ನೀವು ಯಾರನ್ನೂ ನಂಬಬೇಕಾಗಿಲ್ಲ. ನೀವೇ ಪರೀಕ್ಷೆ ಮಾಡಬಹುದು.

ನಮ್ಮ ಕಡೆ ಹಿರಿಯರು ಹಾಲಿ ಸಿಕ್ಕಾ, ಕಲ್ದಾರ್ ಅಂತ ಮಾತಾಡುವುದು ಕೇಳಿರುತ್ತೀರಿ. ಹಾಲಿ ಸಿಕ್ಕಾ ನಿಜಾಮರದು, ಕಲ್ದಾರ್ ಬ್ರಿಟಿಷರದು. ಹೈದರಾಬಾದ್ ಸಂಸ್ಥಾನ ಇರುವವರೆಗೆ ಗುಲ್ಬರ್ಗಾ, ಬೀದರ್, ಯಾದಗಿರಿ ಪೇಟೆಯಲ್ಲಿ ಎರಡೂ ಓಡಾಡುತ್ತಿದ್ದವು. 7 ಹಾಲಿ ಸಿಕ್ಕಾ ಕೊಟ್ಟರೆ ಸುಮಾರು 6 ಕಲ್ದಾರ್. ಇದು ಸುಮ್ನೆ ಬಂದ ದರ ಅಲ್ಲ. ಹಾಲಿ ರೂಪಾಯಿ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇಕಡಾ 81.8. ಅಂದರೆ ಸುಮಾರು 9.1 ಗ್ರಾಂ ಶುದ್ಧ ಬೆಳ್ಳಿ. ಕಲ್ದಾರ್ ತೂಕ 11.66 ಗ್ರಾಂ, ಬೆಳ್ಳಿ ಶೇಕಡಾ 91.7, ಅಂದರೆ ಸುಮಾರು 10.7 ಗ್ರಾಂ. ಭಾಗಿಸಿ ನೋಡಿ, ಏಳಕ್ಕೆ ಆರರ ಲೆಕ್ಕವೇ ಬರುತ್ತದೆ. ಬೆಳ್ಳಿ ಎಷ್ಟಿದೆಯೋ ಅಷ್ಟು ಬೆಲೆ. ಆಗಿನ ಸರಾಫರು, ಅಂದರೆ ಬೆಳ್ಳಿ-ಬಂಗಾರದ ವ್ಯಾಪಾರಿಗಳು, ಇದೇ ಲೆಕ್ಕ ಹಿಡಿದು ಕೂರುತ್ತಿದ್ದರು. ನೀವೂ ಅಲ್ಲಿಂದಲೇ ಶುರು ಮಾಡಿ.

ಇವತ್ತು ಒಂದು ಗ್ರಾಂ ಬೆಳ್ಳಿಯ ದರ ಎಷ್ಟು ನೋಡಿ, 9.1ರಿಂದ ಗುಣಿಸಿ. ಅದು ತಳದ ಬೆಲೆ. ಸಾಧಾರಣ ವರ್ಷದ, ಬಳಸಿ ಸವೆದ ನಾಣ್ಯಕ್ಕೆ ಅದರ ಮೇಲೆ ಸ್ವಲ್ಪ ಜಾಸ್ತಿ ಕೊಡಬಹುದು. ನಾಲ್ಕು ಪಟ್ಟು ಕೊಡಬೇಕಾದರೆ ಆ ನಾಣ್ಯದಲ್ಲಿ ಏನೋ ವಿಶೇಷ ಇರಬೇಕು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಆಳಿದ್ದು 1911ರಿಂದ 1948ರವರೆಗೆ. ಅವರ ರೂಪಾಯಿ ರಾಶಿ ರಾಶಿ ಇವೆ. ನಮ್ಮ ಹಳ್ಳಿಗಳಲ್ಲಿ ಮಡಕೆಯಲ್ಲಿ, ಗೋಡೆಯ ಗೂಡಿನಲ್ಲಿ, ಸೊಂಟದ ಚೀಲದಲ್ಲಿ ಕೂಡಿಟ್ಟಿದ್ದು ಈಗಲೂ ಸರಾಫ್ ಬಜಾರಿಗೆ ಬರುತ್ತಲೇ ಇದೆ. ಆದ್ದರಿಂದ ಹಳೆಯದು ಅನ್ನೋ ಒಂದೇ ಕಾರಣಕ್ಕೆ ಅದು ಅಪರೂಪ ಆಗುವುದಿಲ್ಲ.

ನಾಣ್ಯದ ಒಂದು ಬದಿಯಲ್ಲಿ ಚಾರ್ಮಿನಾರ್ ಇರುತ್ತದೆ. ಅದರ ನಡುವಿನ ಬಾಗಿಲನ್ನು ಗಮನವಿಟ್ಟು ನೋಡಿ. ಅಲ್ಲಿ ಒಂದು ಪುಟ್ಟ ಉರ್ದು ಅಕ್ಷರ ಕೂತಿದೆ. ‘ಮೀಮ್’ ಇದ್ದರೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಕಾಲದ್ದು, ‘ಐನ್’ ಇದ್ದರೆ ಉಸ್ಮಾನ್ ಅಲಿ ಖಾನ್ ಕಾಲದ್ದು. ವರ್ಷ ಹಿಜರಿಯಲ್ಲಿರುತ್ತದೆ. 1361 ಮತ್ತು ಆಮೇಲಿನ ರೂಪಾಯಿ ಆದರೆ ಜೋಪಾನ. ಅದು 1942ರ ಆಸುಪಾಸು, ಮಹಾಯುದ್ಧದ ಕಾಲ. ಆಗ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು. ತೂಕ ಮಾತ್ರ ಅಷ್ಟೇ. ಆ 20 ನಾಣ್ಯಗಳಲ್ಲಿ ಎಷ್ಟು ಆ ಕಾಲದವು ಅಂತ ಎಣಿಸಿ, ಅವುಗಳ ತಳದ ಬೆಲೆ ಬೇರೆಯೇ ಹಾಕಿ.

ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ತೂಕದ ಯಂತ್ರ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ತಗೊಳ್ಳಿ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು, ಜಾಸ್ತಿ ತೂಗಬಾರದು. ಅಂಚಿನ ಸುತ್ತ ಗೀರುಗಳು ಒಂದೇ ಸಮ ಇರಬೇಕು. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯಾದರೆ ಅಂಚಿನಲ್ಲಿ ಸಣ್ಣ ಬೆಸುಗೆ ಗೆರೆ, ಮೈಮೇಲೆ ಗುಳ್ಳೆ ಒಡೆದಂಥ ತೂತು, ಅಕ್ಷರಗಳು ಸೋಪು ಸವೆದಂತೆ ಮೊಂಡು. ಲಂಬಾಣಿ ಸರಗಳಿಂದ ಬಿಚ್ಚಿದ ನಾಣ್ಯಗಳೂ ನಮ್ಮ ಕಡೆ ಜಾಸ್ತಿ. ಕೊಂಡಿ ಬೆಸೆದ ಗುರುತು, ಮುಚ್ಚಿದ ತೂತು ಇದ್ದರೆ ಬೆಳ್ಳಿ ಬೆಲೆ ಬಿಟ್ಟು ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಹಾಗಂತ ಅವು ಕೀಳು ಅಲ್ಲ. ಸರವೇ ಪೂರ್ತಿ ಸಿಕ್ಕರೆ ಸರವಾಗಿಯೇ ಉಳಿಸಿ, ದಯವಿಟ್ಟು ಬಿಚ್ಚಬೇಡಿ.

ಹುಣಸೆಹಣ್ಣು, ನಿಂಬೆ, ಪೀತಾಂಬರಿ ಹಾಕಿ ತಿಕ್ಕಬೇಡಿ. ಮನೆಯಲ್ಲಿ ಹಬ್ಬದ ಮುಂಚೆ ಪಾತ್ರೆಗಳ ಜೊತೆ ನಾಣ್ಯವನ್ನೂ ತಿಕ್ಕಿ ಫಳಫಳ ಮಾಡಿಬಿಡುತ್ತಾರೆ. ಆ ಕಪ್ಪು ಛಾಯೆಯೇ ವಯಸ್ಸಿನ ಗುರುತು. ಅದು ಹೋದರೆ ತಿಳಿದವರು ಬೆಲೆ ಇಳಿಸುತ್ತಾರೆ, ಹೋದದ್ದು ಮರಳಿ ಬರಲ್ಲ.

ವ್ಯಾಪಾರಿ ಹತ್ತಿರ ನಿಜಾಮರ ನೋಟು ಇದೆಯಾ ಕೇಳಿ. 1918ರಿಂದ ಸಂಸ್ಥಾನ ತನ್ನದೇ ನೋಟು ಛಾಪಿಸಿತು. ಅವುಗಳ ಮೇಲೆ ಉರ್ದು, ತೆಲುಗು, ಮರಾಠಿ ಜೊತೆ ಕನ್ನಡದಲ್ಲೂ ಬೆಲೆ ಬರೆದಿರುತ್ತದೆ. ಬೆಳ್ಳಿಯನ್ನು ಗೆದ್ದಲು ತಿನ್ನಲ್ಲ, ಕಾಗದವನ್ನು ತಿನ್ನುತ್ತದೆ. ಹಾಗಾಗಿ ಹರಿಯದ, ಅಂಟು ಹಚ್ಚದ ನೋಟು ನಾಣ್ಯಕ್ಕಿಂತ ಎಷ್ಟೋ ವಿರಳ. ನನ್ನನ್ನು ಕೇಳಿದರೆ ನಮ್ಮ ಭಾಗದ ಸಂಗ್ರಹಕಾರರು ದುಡ್ಡು ಹಾಕಬೇಕಾದ್ದು ಇಂಥದ್ದರ ಮೇಲೆ.

ಲಕೋಟೆಗಳಿಗೂ ಇದೇ ಮಾತು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು, ಮೊದಲ ಸ್ಟಾಂಪು 1869ರದು. ಬಿಡಿಸಿದ ಸ್ಟಾಂಪು ಚಿಲ್ಲರೆ ಕಾಸಿಗೆ ಸಿಗುತ್ತದೆ. ಆದರೆ ಲಕೋಟೆ ಪೂರ್ತಿ ಇದ್ದು, ಅದರ ಮೇಲೆ ಗುಲ್ಬರ್ಗಾ, ಶಹಾಬಾದ್, ಯಾದಗಿರಿ ಅಂತ ಊರಿನ ಮೊಹರು, ತಾರೀಕು ಸ್ಪಷ್ಟ ಇದ್ದರೆ ಅದು ಒಂದು ಊರಿನ ದಾಖಲೆ. ನಿಮ್ಮ ಅಜ್ಜನ ಹೆಸರೇ ಅದರ ಮೇಲಿದೆ ಅಂದಮೇಲೆ ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಬೇಕಾಗಿಲ್ಲ, ಅಲ್ವಾ? ನೀವು ಕಾಸು ಕೊಡದೆ ಪಡೆದ ಸಂಗ್ರಹ ಇದೇ. ಒಳಗಿನ ಪತ್ರಗಳನ್ನೂ ಜೊತೆಗೇ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಒಣ ಕಾಗದದ ಫೋಲ್ಡರ್ ಸಾಕು.

ಸನ್ನತಿಯ ಸೀಸದ ನಾಣ್ಯಗಳ ಬಗ್ಗೆ ಹೆಚ್ಚು ಮಾತಿಲ್ಲ, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಭೀಮಾ ದಡದ ಸನ್ನತಿ, ಕನಗನಹಳ್ಳಿಯಲ್ಲಿ ಅಶೋಕನ ಶಾಸನ, ಬೌದ್ಧ ಸ್ತೂಪ, ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿವೆ. ಶಾತವಾಹನರ ಸೀಸದ ನಾಣ್ಯ ಅಲ್ಲಿ ಯಾವ ಪದರದಲ್ಲಿ, ಯಾವುದರ ಪಕ್ಕ ಸಿಕ್ಕಿತು ಅನ್ನೋದೇ ಇತಿಹಾಸ. ಅಗೆದು ತೆಗೆದು ಹಿಡಿಯಲ್ಲಿ ಕಲಸಿದ ಮೇಲೆ ಆ ಮಾಹಿತಿ ಶಾಶ್ವತವಾಗಿ ಹೋಯಿತು. ಕಾನೂನೂ ಸ್ಪಷ್ಟ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು, ಗುಟ್ಟಾಗಿ ಮಾರಬಾರದು. ಕೊಂಡವರೂ ಸಿಕ್ಕಿಬೀಳುತ್ತಾರೆ. ನೋಡುವ ಆಸೆ ಇದ್ದರೆ ಸೇಡಂ ರಸ್ತೆಯ ಹಳೆಯ ಗುಮ್ಮಟಗಳಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ.

ಇದೇ ಸಾಲಿನಲ್ಲಿ ಇನ್ನೆರಡು ಮೋಸ. ರಾಮ, ಸೀತೆ, ಲಕ್ಷ್ಮಣರ ಚಿತ್ರ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಂತ ಬರುತ್ತದೆ. ಕಂಪನಿ ಅಂಥ ನಾಣ್ಯ ಛಾಪಿಸಿಯೇ ಇಲ್ಲ. ಅಕ್ಕಿಕಾಳು ಎಳೆಯುವ ತಾಮ್ರದ ಚೊಂಬು, ನಾಣ್ಯ ಅಂತ ಲಕ್ಷ ಲಕ್ಷ ಕಳೆದುಕೊಂಡ ಜನ ಇದ್ದಾರೆ. ಅದು ಶುದ್ಧ ವಂಚನೆ.

ಬಿದ್ರಿ ಹುಕ್ಕಾ. 2 ಲಕ್ಷದ ವಿಷಯ, ಇಲ್ಲಿ ನಿಧಾನ ಬೇಕು.

ಹಳೆಯ ಬಿದ್ರಿ ನಿಜಕ್ಕೂ ದೊಡ್ಡ ವಸ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬಿದ್ರಿಯ ದೊಡ್ಡ ಸಂಗ್ರಹವೇ ಇದೆ. ಆದರೆ ಲಂಡನ್ ಹರಾಜಿನ ಬೆಲೆ ತೋರಿಸಿ ಬೀದರ್‌ನಲ್ಲಿ ವ್ಯಾಪಾರ ಮಾಡುವುದು ಸರಿಯಲ್ಲ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುವನ್ನು ನಾವು ನೀವು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಲಂಡನ್ನಿನಲ್ಲಿ ಮಾರಾಟ ಆಗುವುದು ಮೊದಲೇ ಅಲ್ಲಿಗೆ ಹೋದ ಮಾಲು. ನಿಮ್ಮ ಹುಕ್ಕಾ ಅಲ್ಲಿಗೆ ಹೋಗಲಾರದು. ಹಾಗಿದ್ದಮೇಲೆ ಅಲ್ಲಿಯ ಬೆಲೆ ನಿಮಗೆ ಯಾಕೆ? ನಿಮಗೆ ಬೇಕಾದ್ದು ಈ ದೇಶದೊಳಗೆ ಕೊಳ್ಳುವವರು ಕೊಡುವ ಬೆಲೆ. ಅದು ಎಷ್ಟೋ ಕಡಿಮೆ.

ಅದೇ ಕಾಯ್ದೆ ಪ್ರಕಾರ ಪುರಾವಸ್ತು ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ವ್ಯಾಪಾರಿಯನ್ನು ಕೇಳಿ: ಇದು ಇನ್ನೂರು ವರ್ಷದ್ದು ಅಂತ ಬಿಲ್ಲಿನಲ್ಲಿ ಬರೆದುಕೊಡುತ್ತೀರಾ? ಲೈಸೆನ್ಸ್ ನಂಬರ್ ಹಾಕುತ್ತೀರಾ? ಬಾಯಲ್ಲಿ ಇನ್ನೂರು ವರ್ಷ ಹೇಳಿ, ಬಿಲ್ಲಿನಲ್ಲಿ ‘ಅಲಂಕಾರಿಕ ಪಾತ್ರೆ’ ಅಂತ ಬರೆದರೆ ನಿಮಗೆ ಉತ್ತರ ಸಿಕ್ಕಿತು.

ವಸ್ತುವನ್ನೇ ನೋಡುವುದು ಹೇಗೆ? ಬಿದ್ರಿಯ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದು, ಉಜ್ಜಿ, ಉಳಿಯಿಂದ ಕೆತ್ತಿ, ಆ ಕೆತ್ತನೆಯೊಳಗೆ ಬೆಳ್ಳಿ ತಂತಿ ಅಥವಾ ತಗಡು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ ಎಂಬ ಲವಣ ಕಲಸಿ ತಿಕ್ಕಿದರೆ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಪ್ಪನ್ನು ಯಾವಾಗ ಬೇಕಾದರೂ ಹೊಸದಾಗಿ ಹತ್ತಿಸಬಹುದು. ಆದ್ದರಿಂದ ಕಪ್ಪು ನೋಡಿ ವಯಸ್ಸು ಹೇಳಲಾಗದು. ಬೆಳ್ಳಿಯನ್ನು ನೋಡಿ. ಹಳೆಯ ಒಳ್ಳೆಯ ಕೆಲಸದಲ್ಲಿ ಬೆಳ್ಳಿ ದಪ್ಪ, ಆಳಕ್ಕೆ ಕೂತಿರುತ್ತದೆ. ಎಲ್ಲೋ ಒಂದು ಎಸಳು ಉದುರಿದ್ದರೆ ಆ ಗುಳಿಯೊಳಗೆ ಉಳಿಯ ಗುರುತು ಕಾಣುತ್ತದೆ, ಅದರಲ್ಲಿ ಕಾಲದ ಜಿಡ್ಡು ಕೂತಿರುತ್ತದೆ. ಈಗಿನ ಅಗ್ಗದ ಮಾಲಿನಲ್ಲಿ ತಗಡು ತೆಳು, ಮೇಲ್ಮೈಗೆ ಅಂಟಿದ ಹಾಗೆ ಕಾಣುತ್ತದೆ. ಹುಕ್ಕಾದ ಒಳಗೆ ಟಾರ್ಚ್ ಬಿಡಿ. ಬಳಸಿದ ಹುಕ್ಕಾದಲ್ಲಿ ನೀರು ನಿಂತ ಗುರುತು ಇರಬೇಕು. ಬಾಯಿಯ ಅಂಚು ಸವೆದಿರಬೇಕು. ತಳ ಕೂಡ. ಸವೆತ ಕೈ ತಾಗುವ ಕಡೆ ಇರಬೇಕು, ಎಲ್ಲ ಕಡೆ ಒಂದೇ ಸಮ ಇದ್ದರೆ ಯಾರೋ ಬೇಕಂತಲೇ ತಿಕ್ಕಿದ್ದಾರೆ. ಆಕಾರವೂ ಸುಳಿವು ಕೊಡುತ್ತದೆ. ಚೆಂಡಿನಂತೆ ದುಂಡಗಿನ ಬುಡ ಹಿಂದಿನದು, ಗಂಟೆಯಾಕಾರದ್ದು ಹದಿನೆಂಟನೇ ಶತಮಾನದಿಂದ ಹೆಚ್ಚು ಬಳಕೆಗೆ ಬಂದದ್ದು. ಆದರೆ ಎರಡೂ ಆಕಾರವನ್ನು ಇವತ್ತೂ ಎರಕ ಹೊಯ್ಯಬಹುದು. ಇದೊಂದನ್ನೇ ನಂಬಬೇಡಿ.

ಎಲ್ಲಕ್ಕಿಂತ ಒಳ್ಳೆಯ ದಾರಿ, ವಸ್ತು ತಗೊಂಡು ಬೀದರ್‌ಗೆ ಹೋಗಿ ಹಳೆಯ ಕುಶಲಕರ್ಮಿಗಳಿಗೆ ತೋರಿಸುವುದು. ತಲೆಮಾರುಗಳಿಂದ ಇದೇ ಕೆಲಸ ಮಾಡಿದ ಮನೆಗಳು ಅಲ್ಲಿವೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಅವರಿಗೆ ಗೊತ್ತಾಗುತ್ತದೆ. ವ್ಯಾಪಾರಿ ಅದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ಅಲ್ಲಿ ಹೋದಾಗ ಅವರ ಹೊಸ ಕೆಲಸವನ್ನೂ ನೋಡಿ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅನುಮಾನದ ಹುಕ್ಕಾಕ್ಕೆ 2 ಲಕ್ಷ ಸುರಿಯುವ ಬದಲು, ಅದರ ಒಂದು ಪಾಲಿನಲ್ಲಿ ಒಳ್ಳೆಯ ಕೈಯಿಂದ ದಪ್ಪ ಬೆಳ್ಳಿಯ ಒಂದು ಸುರಾಹಿ (ಉದ್ದ ಕತ್ತಿನ ಹೂಜಿ) ಮಾಡಿಸಿಕೊಳ್ಳಿ. ಅಶ್ರಫಿ ಬೂಟಿ ಅನ್ನೋ ಹೂವಿನ ವಿನ್ಯಾಸ ಬೇಕು ಅಂತ ಹೇಳಿ. ಮಾಡಿದವರ ಹೆಸರು, ತಾರೀಕು ಬರೆಸಿ, ಅವರ ಜೊತೆ ಫೋಟೊ ತೆಗೆಸಿ. ಮುಂದೆ ಯಾರಾದರೂ ಇದು ಯಾರ ಕೆಲಸ, ಎಲ್ಲಿಂದ ಬಂತು ಅಂತ ಕೇಳಿದರೆ ನಿಮ್ಮ ಹತ್ತಿರ ಪಕ್ಕಾ ಉತ್ತರ ಇರುತ್ತದೆ. ದುಡ್ಡು ಕೂಡ ಕೆಲಸ ಮಾಡಿದವರ ಮನೆಗೇ ಹೋಗುತ್ತದೆ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ.

ಮನೆಯವರ ಬೈಗುಳದ ಬಗ್ಗೆ: ಇದನ್ನು ಉಳಿತಾಯ ಅಂತ ಅವರಿಗೆ ಹೇಳಬೇಡಿ. ಬಂಗಾರವನ್ನು ಸರಾಫ್ ಬಜಾರಿನಲ್ಲಿ ಒಂದೇ ಗಂಟೆಯಲ್ಲಿ ಮಾರಬಹುದು. ಬಿದ್ರಿ ಹುಕ್ಕಾ ಮಾರಲು ಸರಿಯಾದ ಗಿರಾಕಿಗಾಗಿ ವರ್ಷಗಟ್ಟಲೆ ಕಾಯಬೇಕಾಗಬಹುದು. ಹರಾಜಿಗೆ ಕೊಟ್ಟರೆ ಕಮಿಷನ್ ಕಡಿಯುತ್ತಾರೆ. ಕಷ್ಟಕಾಲಕ್ಕೆ ಬೇಕಾಗುವ ದುಡ್ಡನ್ನು ಇದರಲ್ಲಿ ಹಾಕಲೇಬಾರದು. ಮತ್ತೆಂದೂ ಮಾರದೆ ಮನೆಯಲ್ಲಿಟ್ಟು ನೋಡಿ ಖುಷಿಪಡುತ್ತೇನೆ ಅನ್ನುವಷ್ಟು ಮೊತ್ತ ಮಾತ್ರ ಹಾಕಿ. ಮಾರುವಾಗಲೂ ಎಚ್ಚರ. ನಿಮ್ಮ ಹಳೆಯ ನೋಟಿಗೆ ಲಕ್ಷ ಕೊಡ್ತೀವಿ, ಮೊದಲು ತೆರಿಗೆ ಕಟ್ಟಿ ಅಂತ ಬರುವ ಫೋನು ಕಳ್ಳರದು. ಹಳೆಯ ನೋಟು, ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಕೊಟ್ಟಿದೆ.

ನಾಳೆ ವ್ಯಾಪಾರಿ ಹತ್ತಿರ ಹೋದಾಗ ಒಂದು ಮಾತು ಕೇಳಿ. ಈ ರೂಪಾಯಿಗಳನ್ನು ಆರು ತಿಂಗಳಿಗೆ ವಾಪಸ್ ತಂದರೆ ಅವತ್ತಿನ ಬೆಳ್ಳಿ ದರದ ಮೇಲೆ ಎಷ್ಟು ಕೊಡುತ್ತೀರಿ? ಅವರು ಹೇಳುವ ಅಂಕಿಯನ್ನು ಬಿಲ್ಲಿನ ಹಿಂದೆ ಬರೆಸಿ, ಸಹಿ ಹಾಕಿಸಿಕೊಳ್ಳಿ. ಚೌಕಾಸಿಯನ್ನು ಆ ಅಂಕಿಯಿಂದ ಶುರು ಮಾಡಿ, ಅವರು ಮೊದಲು ಹೇಳಿದ ನಾಲ್ಕು ಪಟ್ಟಿನಿಂದಲ್ಲ.